ಸೊಂಟದ ಮೇಲಿನ ಕೈ

ಮುಖದಲ್ಲಿ ನಗು ಇದ್ದರೆ ಮೈಯಲ್ಲಿ ನೋವು ಇರಲಾರದು ಎಂದು ತೀರ್ಪು ಕೊಟ್ಟ ನಮ್ಮೂರಿನ ವರ್ತಕರ ಸಂಘದ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ‘ಈ ಪಂಕಜಾಕ್ಷಿ ಯಾವಳೋ ಚಿತ್ರದ ಹೆಂಗಸಿಗೋಸ್ಕರ ಊರನ್ನೆಲ್ಲ ಎದುರು ಹಾಕಿಕೊಂಡಳು’ ಎಂದು ಜನ ಈಗಲೂ ಆಡಿಕೊಳ್ಳುತ್ತಾರೆ. ಹೌದು, ಹಾಕಿಕೊಂಡೆ. ಏನೀಗ?

ನಾನು ಕಷಾಯದ ಪುಡಿ ಮಾಡಿ ಮಾರುತ್ತೇನೆ. ನಾನು ಮತ್ತು ನನ್ನ ಅತ್ತಿಗೆ ತುಂಗಮ್ಮ, ಇಬ್ಬರೇ. ಕೊತ್ತಂಬರಿ, ಜೀರಿಗೆ, ಒಣಶುಂಠಿ, ಕಾಳುಮೆಣಸು ಎಲ್ಲವನ್ನೂ ಹುರಿದು, ಕುಟ್ಟಿ, ಜರಡಿ ಹಿಡಿದು ಪೊಟ್ಟಣ ಕಟ್ಟುತ್ತೇವೆ. ಅದಕ್ಕೆ ‘ತವರು ಕಷಾಯ’ ಎಂದು ಹೆಸರು. ಮೊದಮೊದಲು ಪೊಟ್ಟಣದ ಮೇಲೆ ಒಂದು ಶುಂಠಿಕೊಂಬಿನ ಚಿತ್ರ ಹಾಕುತ್ತಿದ್ದೆವು. ಶುಂಠಿಯ ಚಿತ್ರ ಹಾಕಿದರೆ ಮನೆಗೆ ಯಾರೂ ಬರುವುದಿಲ್ಲ, ಅದೊಂದು ಅನುಕೂಲ. ಆದರೆ ಪೊಟ್ಟಣ ಕೇಳಿಕೊಂಡು ಅಂಗಡಿಗೂ ಯಾರೂ ಬರುತ್ತಿರಲಿಲ್ಲ. ಜನರಿಗೆ ಮುಖ ಬೇಕು. ಗಂಟಲು ಕೆರೆತಕ್ಕೆ ಕುಡಿಯುವ ಕಷಾಯದ ಮೇಲೂ ಯಾರಾದರೊಬ್ಬರು ನಗುತ್ತಿರಬೇಕು.

ನಮ್ಮೂರಿನಲ್ಲಿ ಪೊಟ್ಟಣದ ಮೇಲೋ ಬೋರ್ಡಿನ ಮೇಲೋ ಯಾರ ಚಿತ್ರ ಹಾಕಿಸುತ್ತೀರೋ ಅವರು ಮರುದಿನ ಬೆಳಗಿನ ಬಸ್ಸಿಗೆ ಬಂದಿಳಿಯುತ್ತಾರೆ. ಚಿತ್ರದಲ್ಲಿ ಏನು ಉಟ್ಟಿದ್ದರೋ ಅದೇ ಬಟ್ಟೆ, ಹೇಗೆ ನಿಂತಿದ್ದರೋ ಅದೇ ಭಂಗಿ. ಚಿತ್ರ ಹಾಕಿಸಿದವರು ಬಸ್‌ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬರಬೇಕು, ಅನ್ನ ಹಾಕಬೇಕು, ಮಲಗಲು ಜಾಗ ಕೊಡಬೇಕು. ಪೊಟ್ಟಣದ ಮೇಲೆ ಎಷ್ಟು ಮೈ ಅಚ್ಚಾಗಿದೆಯೋ ಅಷ್ಟು ಭಾಗ ಅಚ್ಚಾದಂತೆಯೇ ಇರುತ್ತದೆ, ಉಳಿದದ್ದು ಅವರ ಸ್ವಂತದ್ದು. ಆ ಚಿತ್ರದ ಕೊನೆಯ ಪೊಟ್ಟಣ ಅಂಗಡಿಯಿಂದ ಇಳಿದ ಮೇಲೆ ಅವರೂ ಬಸ್ಸು ಹತ್ತಿ ಹೋಗುತ್ತಾರೆ. ಇದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ವಿಮಾ ಏಜೆಂಟರ ಮನೆಯಲ್ಲಿ ಬಿಳಿ ಬಟ್ಟೆಯ ಒಂದು ಸಂಸಾರ ಇದೆ. ಗಂಡ, ಹೆಂಡತಿ, ಗಂಡನ ಹೆಗಲ ಮೇಲೊಂದು ಮಗು. ಆ ಗಂಡನ ಕುತ್ತಿಗೆಗೆ ಬಿಡುವೆಂಬುದೇ ಇಲ್ಲ. ಮಗುವಿನ ತಲೆ ತಾಗುತ್ತದೆಂದು ಏಜೆಂಟರು ಬಾಗಿಲ ಚೌಕಟ್ಟನ್ನೇ ಒಡೆಸಿ ಎತ್ತರ ಮಾಡಿಸಿದರು. ಔಷಧದ ಅಂಗಡಿಯ ಬೋರ್ಡಿನಲ್ಲಿ ಕೈಕಟ್ಟಿ ನಿಂತ ಡಾಕ್ಟರಿಗೆ ಅಂಗಡಿಯವನ ಹೆಂಡತಿಯೇ ಚಮಚೆಯಲ್ಲಿ ಉಪ್ಪಿಟ್ಟು ತಿನ್ನಿಸಬೇಕು. ಆತನಿಗೆ ವೈದ್ಯ ಗೊತ್ತಿಲ್ಲ, ಆದರೂ ಮುದುಕರು ಹೋಗಿ ನಾಲಿಗೆ ಚಾಚಿ ತೋರಿಸಿ ಸಮಾಧಾನ ಪಟ್ಟುಕೊಂಡು ಬರುತ್ತಾರೆ. ಸೈಕಲ್ ಅಂಗಡಿಯವನೊಬ್ಬ ಕೊಳ್ಳದೆ ಕದ್ದು ಚಿತ್ರ ಹಾಕಿದ್ದ. ಅವನ ಮನೆಗೆ ಬಂದ ಹುಡುಗಿಯ ಮುಖದ ಮೇಲೆ ಅಡ್ಡಡ್ಡವಾಗಿ ಚಿತ್ರದ ಕಂಪನಿಯ ಬೂದು ಅಕ್ಷರಗಳಿವೆ. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ.

ಚಿತ್ರ ಬೇಕಾದರೆ ಹಯಾತ್ ಸಾಹೇಬರ ಅಂಗಡಿಗೆ ಹೋಗಬೇಕು. ನಾನೂ ತುಂಗಮ್ಮನೂ ಹೋಗಿ ಅವರ ಕಂಪ್ಯೂಟರಿನ ಮುಂದೆ ಕುಳಿತೆವು.

“ಏನಂತ ಹುಡುಕ್ಲಿ ಅಕ್ಕ?” ಎಂದರು.

“ಕಷಾಯ ಅಂತ ಹಾಕಿ.”

ಏನೂ ಬರಲಿಲ್ಲ. “ಕಷಾಯ ಕುಡಿಯೋರ್ನ ಯಾರೂ ಫೋಟೋ ತೆಗ್ದಿಲ್ಲ ಅಕ್ಕ. ಹೆಂಗಸು, ಕೈಲಿ ಕಪ್ಪು, ಖುಷಿ ಅಂತ ಹಾಕಿ ನೋಡೋಣ” ಎಂದು ಅವರೇ ಒತ್ತಿದರು. ಬಂದವು ನೋಡಿ! ಲೋಕದಲ್ಲಿ ಇಷ್ಟೊಂದು ಹೆಂಗಸರು ಖಾಲಿ ಕಪ್ಪು ಹಿಡಿದುಕೊಂಡು ನಗುತ್ತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ತುಂಗಮ್ಮ ಸೊಸೆ ಹುಡುಕುವವಳ ಹಾಗೆ ಒಬ್ಬೊಬ್ಬಳನ್ನೇ ಬೇಡವೆನ್ನುತ್ತ ಹೋದಳು.

“ಇವಳು ನಮ್ಮನೆ ಸಾರು ತಿಂತಾಳೇನೇ? ಇವಳಿಗೆ ಉಗುರು ನೋಡು, ಜರಡಿ ಹಿಡಿಯೋ ಕೈಯಾ ಅದು? ಅಯ್ಯೋ, ಇವಳ ಮೈಮೇಲೆ ಬಟ್ಟೇನೇ ಇಲ್ಲ, ನಡುಮನೇಲಿ ಹೇಗೆ ಕೂರಿಸ್ಕೊಳ್ಳೋದು?”

ಕೊನೆಗೆ ಒಬ್ಬಳು ಒಪ್ಪಿಗೆಯಾದಳು. ಹಳದಿ ನೂಲಿನ ಸೀರೆ, ಮೂವತ್ತರ ಆಸುಪಾಸಿನ ವಯಸ್ಸು. ಬಲಗೈಯಲ್ಲಿ ಕೆನ್ನೆಯ ಹತ್ತಿರ ಕಪ್ಪು ಹಿಡಿದಿದ್ದಳು, ಎಡಗೈ ಸೊಂಟದ ಮೇಲಿತ್ತು. ಕತ್ತು ಸ್ವಲ್ಪ ವಾಲಿಸಿ ಬಾಯಿ ತುಂಬ ನಗುತ್ತಿದ್ದಳು. ಚಿತ್ರದ ಕೆಳಗೆ ‘ಸಂತುಷ್ಟ ಗೃಹಿಣಿ, ಬಿಳಿ ಹಿನ್ನೆಲೆ’ ಎಂದು ಬರೆದಿತ್ತು.

“ನಿಮ್ಮ ಪೊಟ್ಟಣ ಚಿಕ್ಕದು. ಮುಖ, ಕಪ್ಪು, ಅಷ್ಟು ಸಾಕು. ಎದೆಯಿಂದ ಕೆಳಗೆ ಕತ್ತರಿಸ್ಬಿಡ್ತೀನಿ, ಮಿಕ್ಕಿದ್ದು ಅವಳಿಗೇ ಇರ್ಲಿ” ಎಂದರು ಹಯಾತ್ ಸಾಹೇಬರು.

“ಇದನ್ನ ಬೇರೆಯವರಿಗೂ ಮಾರ್ತೀರಾ?”

“ನಿಮಗೊಬ್ಬರಿಗೇ ಬೇಕಂದ್ರೆ ಅದರ ದರಾನೇ ಬೇರೆ ಅಕ್ಕ.”

ಕಷಾಯಕ್ಕೆ ಹಿಡಿದ ಮುಖ ಇನ್ಯಾರಿಗೆ ಬೇಕು ಎಂದುಕೊಂಡು ನಾನು ಕಡಿಮೆ ದರಕ್ಕೇ ಕೊಂಡೆ.

ಮರುದಿನ ಅವಳು ಬಂದಳು. ಚಿತ್ರದವರು ಯಾರ ಮನೆಯ ಅನ್ನ ತಿನ್ನುತ್ತಾರೋ ಅವರ ಮಾತನ್ನೇ ಕಲಿಯುತ್ತಾರೆ. ಹಾಗಾಗಿ ಸ್ವಲ್ಪ ದಿನಕ್ಕೆಲ್ಲ ಅವಳು ತುಂಗಮ್ಮನ ಹಾಗೆಯೇ ಎಳೆದೆಳೆದು ಮಾತಾಡತೊಡಗಿದಳು. ಹೆಸರು ಕೇಳಿದರೆ ಇನ್ನೂ ನೆನಪಾಗುತ್ತಿಲ್ಲ ಎಂದಳು. ಹಳದಿ ಸೀರೆಯೆಂದು ತುಂಗಮ್ಮ ಹಳದಮ್ಮ ಎಂದು ಕರೆದಳು, ಅದೇ ನಿಂತಿತು. ಬಲಗೈ ಕಪ್ಪು ಬಿಡುತ್ತಿರಲಿಲ್ಲ, ಮುಖ ನಗು ಬಿಡುತ್ತಿರಲಿಲ್ಲ. ಎಡಗೈ ಮಾತ್ರ ಅವಳದು. ಆ ಒಂದು ಕೈಯಲ್ಲಿ ಜರಡಿ ಹಿಡಿಯುತ್ತಿದ್ದಳು, ಹಲ್ಲಿನಲ್ಲಿ ದಾರ ಕಚ್ಚಿ ಪೊಟ್ಟಣ ಕಟ್ಟುತ್ತಿದ್ದಳು. ಕೂತು ತಿನ್ನುವವಳಲ್ಲ. ಅವಳು ನಗುನಗುತ್ತ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಜನ ತವರು ಕಷಾಯ ಕೇಳುತ್ತಿದ್ದರು. ಅಲ್ಲಿಯವರೆಗೆ ನಮ್ಮನ್ನು ತಿರುಗಿ ನೋಡದ ಅಂಗಡಿಯವರೆಲ್ಲ “ಅಕ್ಕ, ಇನ್ನೊಂದು ಮೂಟೆ ಕಳಿಸಿ” ಎಂದು ಹೇಳಿ ಕಳಿಸುವಂತಾಯಿತು. ನಾನು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ನಿದ್ದೆಯಲ್ಲೂ ನಗುತ್ತಿದ್ದ ಅವಳನ್ನು ಕಂಡು ಮೊದಲು ಹೆದರಿದ್ದ ತುಂಗಮ್ಮನೂ ಒಗ್ಗಿಕೊಂಡಳು. ಎದುರುಮನೆಯ ಅಜ್ಜ ತೀರಿಕೊಂಡಾಗ ಮಾತ್ರ ಹಳದಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಆ ಅಜ್ಜನೆಂದರೆ ಅವಳಿಗೆ ಇಷ್ಟವಿತ್ತು. ಬಾಗಿಲ ಹಿಂದೆ ನಿಂತು ಹೆಣ ಹೋಗುವುದನ್ನು ನೋಡಿದಳು, ನಗುತ್ತಲೇ.

ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಜರಡಿ ಹಿಡಿಯುತ್ತಿದ್ದವಳ ಎಡಗೈ ತಟ್ಟನೆ ಹಾರಿ ಸೊಂಟಕ್ಕೆ ಅಂಟಿಕೊಂಡಿತು. ಜರಡಿ ಬಿದ್ದು ಪುಡಿಯೆಲ್ಲ ಮಣ್ಣುಪಾಲಾಯಿತು. “ಅಮ್ಮಾ, ಅಕ್ಕಾ” ಎಂದು ನಗುತ್ತ ಕೂಗಿದಳು. ಏನೋ ಆಟ ಆಡುತ್ತಿದ್ದಾಳೆ ಎಂದುಕೊಂಡು ನಾನು ಬೈದೆ. ಅವಳು ಗೋಡೆಗೆ ಒರಗಿ ಮಂಡಿಯ ಮೇಲೆ ಕುಸಿದಳು. ಓಡಿಹೋಗಿ ಮುಟ್ಟಿದರೆ ಸೊಂಟ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಸೆರಗು ಸರಿಸಿ ನೋಡಿದೆವು. ಅಲ್ಲೊಂದು ಕೆಂಪು ಗುಂಡು, ಅದರ ಸುತ್ತ ಕೆಂಪು ಬಳೆಗಳು, ಹೊರಗೆ ಗೆರೆಗೆರೆಯಾಗಿ ಕೆಂಪು ಕಿರಣಗಳು. ಯಾವ ಹುಳ ಕಡಿದರೂ ಹಾಗೆ ಆಗುವುದಿಲ್ಲ. ಯಾರೋ ಕೂತು ಬರೆದದ್ದು ಅದು.

ನಾನು ಚಪ್ಪಲಿಯನ್ನೂ ಮೆಟ್ಟದೆ ಪೇಟೆಗೆ ಓಡಿದೆ. ಮೊದಲನೆಯ ಅಂಗಡಿಯಲ್ಲೇ ಸಿಕ್ಕಿತು. ನಮ್ಮೂರಿನ ದೊಡ್ಡ ವ್ಯಾಪಾರಿ ಮುದ್ದುವೀರಪ್ಪನ ‘ನಿಮಿಷ ಮುಲಾಮು’. ಹೊಸ ಡಬ್ಬಿ, ಹೊಸ ಚಿತ್ರ. ಎದೆಯಿಂದ ಮೊಣಕಾಲಿನವರೆಗೆ ಹಳದಿ ಸೀರೆ, ಸೊಂಟದ ಮೇಲೊಂದು ಕೈ, ಆ ಕೈಯ ಕೆಳಗೆ ಉರಿಯುವ ಕೆಂಪು ಗುಂಡು. ‘ಸೊಂಟ ನೋವೇ? ನಿಮಿಷ ಸಾಕು!’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹಯಾತ್ ಸಾಹೇಬರು ನನಗಾಗಿ ಕತ್ತರಿಸಿದ ಮೇಲೆ ಉಳಿದ ಅರ್ಧ. ಮುಖವಿರಲಿಲ್ಲ. ಮುದ್ದುವೀರಪ್ಪನಿಗೆ ಮುಖ ಬೇಕಿರಲಿಲ್ಲ.

ಅವನ ಅಂಗಡಿಗೆ ನುಗ್ಗಿದೆ. ಅವನು ಗಾದಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಅದು ನಮ್ಮನೆ ಹೆಂಗಸು ಕಣ್ರೀ!” ಎಂದೆ.

“ಮುಖ ನಿಮ್ದು ತಾಯಿ, ಸೊಂಟ ನಂದು” ಎಂದ, ಸಾವಕಾಶವಾಗಿ. “ನೀವೂ ಹಯಾತ್ ಹತ್ರಾನೇ ಕೊಂಡ್ರಿ, ನಾನೂ ಅಲ್ಲೇ ಕೊಂಡೆ. ಕದ್ದು ತಂದಿಲ್ವಲ್ಲ.”

“ಕೊಂಡ್ಕೊಂಡ್ರೆ ಕೆಂಪು ಬಳೀಬೇಕಾ? ಅವಳು ಸೊಂಟದ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಂತಿದ್ಲು. ನೋವು ಅಂತ ಯಾರು ಹೇಳಿದ್ರು ನಿಮಗೆ?”

“ಸುಮ್ನೆ ನಿಂತಿರೋಳ ಚಿತ್ರ ಹಾಕಿದ್ರೆ ಮುಲಾಮು ಯಾರು ತಗೋತಾರೆ? ನೋವು ಕಾಣ್ಬೇಡ್ವಾ?”

“ನಿಮ್ಮ ಸೊಂಟದ ಫೋಟೋನೇ ಹಾಕಿ, ಚೆನ್ನಾಗಿ ಕಾಣ್ಸತ್ತೆ.”

“ನನ್ನ ಸೊಂಟ ಯಾರು ನೋಡ್ತಾರೆ ಬಿಡಿ” ಎಂದು ಅವನು ನಕ್ಕ. ಅಂಗಡಿಯಲ್ಲಿದ್ದವರೂ ನಕ್ಕರು. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟ. “ಹಚ್ಚಿ, ನಿಮಿಷದಲ್ಲಿ ಹೋಗತ್ತೆ.”

ಹಚ್ಚಿದೆವು. ಡಬ್ಬಿಯ ತಳ ಕಾಣುವವರೆಗೆ ಹಚ್ಚಿದೆವು. ಮನೆಯೆಲ್ಲ ಕರ್ಪೂರದ ವಾಸನೆ ತುಂಬಿತೇ ಹೊರತು ಕೆಂಪು ಒಂದು ಕೂದಲೆಳೆಯಷ್ಟೂ ಮಾಸಲಿಲ್ಲ. ಮತ್ತೆ ಹೋಗಿ ಕೇಳಿದರೆ ಅವನ ಉತ್ತರ ಕೇಳಬೇಕು ನೀವು. “ಡಬ್ಬಿ ಮೇಲೆ ನೋವಿದೆ ತಾಯಿ, ನೋವು ವಾಸಿಯಾದ ಚಿತ್ರ ಇಲ್ವಲ್ಲ. ಅದಕ್ಕೆ ನಾನೇನ್ ಮಾಡ್ಲಿ?” ಈ ಮಾತು ಹೇಳಲು ಅವನಿಗೆ ನಾಲಿಗೆ ಹೇಗೆ ಬಂತೋ.

ಹಯಾತ್ ಸಾಹೇಬರನ್ನೂ ಬಿಡಲಿಲ್ಲ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದರು: “ಕೊಂಡೋರು ಕತ್ತರಿಸ್ಬಹುದು, ತಿರುಗಿಸ್ಬಹುದು, ಬಣ್ಣ ಬಳೀಬಹುದು. ಚಿತ್ರದ ಕಂಪನಿ ನಿಯಮ ಅದು ಅಕ್ಕ. ನಿಮಗೆ ಕತ್ತರಿಸಿದ್ದೂ ಅದೇ ನಿಯಮದಲ್ಲೇ.” ಎದ್ದು ಬಂದೆ.

ಮನೆಯಲ್ಲಿ ಹಳದಮ್ಮನಿಗೆ ಈಗ ಒಂದು ಕೈಯೂ ಉಳಿದಿರಲಿಲ್ಲ. ಬಲಗೈಯಲ್ಲಿ ನನ್ನ ಕಪ್ಪು, ಎಡಗೈಯಲ್ಲಿ ಅವನ ನೋವು. ನಾವೇ ಉಣಿಸಬೇಕು, ನಾವೇ ತಲೆ ಬಾಚಬೇಕು, ನೊಣ ಕೂತರೆ ನಾವೇ ಓಡಿಸಬೇಕು. ಮಲಗಲು ಆಗುತ್ತಿರಲಿಲ್ಲ, ಕೂರಲು ಆಗುತ್ತಿರಲಿಲ್ಲ. ಗೋಡೆಗೆ ಆತು ನಿಂತೇ ತೂಗಡಿಸುತ್ತಿದ್ದಳು. ನೋಡಲು ಬಂದ ನೆರೆಹೊರೆಯವರು “ಏನೇ ಅನ್ನಿ, ಎಷ್ಟು ಲಕ್ಷಣವಾಗಿ ನಗ್ತಾಳಪ್ಪ” ಎಂದು ಹೇಳಿ ಹೋಗುತ್ತಿದ್ದರು. ಅವರ ಕೈಯಲ್ಲಿ ನಿಮಿಷ ಮುಲಾಮಿನ ಡಬ್ಬಿ ಇರುತ್ತಿತ್ತು.

ವರ್ತಕರ ಸಂಘಕ್ಕೆ ದೂರು ಕೊಟ್ಟೆ. ಸಭೆ ಕರೆದರು. ಹಳದಮ್ಮನನ್ನು ನಾನೂ ತುಂಗಮ್ಮನೂ ಎರಡು ಕಡೆಯಿಂದ ಹಿಡಿದುಕೊಂಡು ಹೋದೆವು. ಬೆಂಚುಗಳ ತುಂಬ ಜನ, ಮುಂದಿನ ಸಾಲಿನಲ್ಲಿ ಮುದ್ದುವೀರಪ್ಪ. ಅಧ್ಯಕ್ಷರು ಜವಳಿ ವ್ಯಾಪಾರದವರು, ಬಟ್ಟೆಯ ನೂಲು ನೋಡುವ ಹಾಗೆ ಹಳದಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಲ್ಲೂ ನಗು ಮೂಡಿತು. ನಗುವವರನ್ನು ಕಂಡರೆ ತುಟಿ ತಾನಾಗಿ ಅಗಲವಾಗುತ್ತದಲ್ಲ, ಸಭೆಯಲ್ಲಿ ಎಲ್ಲರಿಗೂ ಹಾಗೇ ಆಯಿತು.

“ಎಲ್ಲಿ ನೋವು ಪಂಕಜಾಕ್ಷಮ್ಮ? ಈಯಮ್ಮ ಬಾಯಿ ತುಂಬ ನಗ್ತಾ ಇದಾರಲ್ಲ” ಎಂದರು ಅಧ್ಯಕ್ಷರು.

“ಅವಳನ್ನೇ ಕೇಳಿ ಸ್ವಾಮಿ.”

“ಏನಮ್ಮ, ನೋಯತ್ತಾ?”

“ನೋಯ್ತಿದೆ, ಬಹಳ ನೋಯ್ತಿದೆ, ಸಾಯೋ ಹಾಗೆ” ಎಂದಳು ಹಳದಮ್ಮ. ಹಲ್ಲು ಅಷ್ಟೂ ಕಾಣುತ್ತಿತ್ತು, ಕತ್ತು ಚೆಂದಕ್ಕೆ ವಾಲಿತ್ತು, ಕಪ್ಪು ಕೆನ್ನೆಯ ಹತ್ತಿರವಿತ್ತು. ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ಹೊಡೆದರು. ನಾನು ಕೂಗಿದೆ, ಬೆಂಚು ಗುದ್ದಿದೆ, ಸೆರಗು ಸರಿಸಿ ಕೆಂಪು ಗುಂಡು ತೋರಿಸಲು ಹೋದೆ. ಮಾನಮರ್ಯಾದೆ ಇಲ್ಲವೇ ಎಂದು ನನ್ನನ್ನೇ ಗದರಿದರು. ಸೊಂಟಕ್ಕೆ ಬರೆ ಎಳೆದವನಿಗೆ ಮರ್ಯಾದೆ, ಬರೆ ತೋರಿಸುವವಳಿಗೆ ಅವಮರ್ಯಾದೆ! ಮುಖದಲ್ಲಿ ನೋವಿನ ಲಕ್ಷಣ ಕಾಣುತ್ತಿಲ್ಲವಾದ್ದರಿಂದ ದೂರನ್ನು ಕೈಬಿಡಲಾಗಿದೆ ಎಂದು ಅಧ್ಯಕ್ಷರು ಹೇಳಿ, ಎದ್ದು, ನಮ್ಮದೇ ಕಷಾಯ ಕುಡಿಯಲು ಚಹಾದ ಕಟ್ಟೆಯ ಕಡೆಗೆ ಹೋದರು. ಸಂಘದ ಕಟ್ಟೆಯಲ್ಲಿ ತವರು ಕಷಾಯವನ್ನೇ ಕುದಿಸುತ್ತಿದ್ದರು, ಪೊಟ್ಟಣ ಅಲ್ಲೇ ಮುಂದೆ ಇಟ್ಟಿರುತ್ತಿದ್ದರು.

ಅಂದು ಹಳದಮ್ಮನಿಗೆ ಮೊಸರನ್ನ ಕಲಸಿ ತುತ್ತು ಕೊಡುತ್ತ ಮುದ್ದುವೀರಪ್ಪನ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದೆ. ಅಧ್ಯಕ್ಷರನ್ನು ಬೈದೆ, ಚಪ್ಪಾಳೆ ಹೊಡೆದವನನ್ನು ಬೈದೆ. ಹಳದಮ್ಮ ನುಂಗಿ, ಹೇಳಿದಳು.

“ಅಕ್ಕ, ಬೈದಿದ್ದು ಸಾಕು. ನೀನು ಅವನ್ನ ಬೈದ್ರೆ ಕೆಂಪು ಹೋಗಲ್ಲ. ನೀನು ನನ್ನ ನಗು ತೆಗಿ.”

ತುತ್ತು ನನ್ನ ಕೈಯಲ್ಲೇ ಉಳಿಯಿತು. ಊರಿನ ಕಂಡಕಂಡವರ ಮೇಲೆಲ್ಲ ಹರಿಹಾಯ್ದಿದ್ದ ನನಗೆ ಇದೊಂದು ಹೊಳೆದಿರಲಿಲ್ಲ. ಅವಳ ನೋವನ್ನು ಯಾರೂ ನಂಬದ ಹಾಗೆ ಮಾಡಿದ್ದು ನನ್ನ ಪೊಟ್ಟಣ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ತುಂಗಮ್ಮ ಒಲೆಯ ಹತ್ತಿರದಿಂದಲೇ ಹೇಳಿದಳು: “ಅವಳ ಮುಖ ನೋಡೇ ಜನ ಕಷಾಯ ತಗೊಳ್ಳೋದು. ಅದು ತೆಗೆದ್ರೆ ಮತ್ತೆ ಶುಂಠಿ ಕಾಲಕ್ಕೆ ಹೋಗ್ತೀವಿ. ಅದೂ ಹೋಗ್ಲಿ ಅಂದ್ರೆ, ಮುಖ ನಮ್ಮದಲ್ಲ ಅಂತಾದ ಮೇಲೆ ಇವಳೂ ನಮ್ಮನೇಲಿ ಇರೋ ಹಾಗಿಲ್ಲ. ಉಳಿದ ಡಬ್ಬಿ ಯಾರದ್ದೋ ಅವರ ಮನೆಗೇ ಹೋಗ್ಬೇಕು. ಮುದ್ದುವೀರಪ್ಪನ ಮನೆಗೆ ಕಳಿಸ್ತೀಯೇನೇ ಈ ಮಗೂನ?”

“ಕಳಿಸ್ಲಿ ತುಂಗಕ್ಕ” ಎಂದಳು ಹಳದಮ್ಮ. “ಅಲ್ಲೇ ಹೋಗಿ ಅಳ್ತೀನಿ.”

ಸ್ವಲ್ಪ ಹೊತ್ತಿಗೆ ತುಂಗಮ್ಮ ಅಟ್ಟದಿಂದ ಖಾಲಿ ಗೋಣಿಚೀಲಗಳನ್ನು ಕೆಳಗೆ ಎಸೆಯುವ ಸದ್ದು ಕೇಳಿಸಿತು.

ಅಂಗಡಿ ಅಂಗಡಿಗೂ ಹೋಗಿ ನಮ್ಮ ಪೊಟ್ಟಣಗಳನ್ನು ವಾಪಸ್ಸು ತಂದೆವು. ಒಳ್ಳೆ ವ್ಯಾಪಾರ ನಡೆಯುತ್ತಿರುವಾಗ ನಿಮಗೇನು ಗ್ರಹಚಾರ ಎಂದರು. ಒಬ್ಬ ಕೊಡುವುದಿಲ್ಲ ಎಂದು ಜಗಳಕ್ಕೇ ನಿಂತ. ಕೊನೆಗೆ ಊರಿನ ಅಂಗಡಿ ಕಟ್ಟೆಗಳಲ್ಲಿ ಉಳಿದದ್ದು ಒಂದೇ ಪೊಟ್ಟಣ, ಸಂಘದ ಚಹಾದ ಕಟ್ಟೆಯ ಮೇಲಿನದು. ಅದನ್ನು ಬೇಕೆಂದೇ ಬಿಟ್ಟಿದ್ದೆ. ಮುಂದಿನ ಸಭೆಗೆ ಹಳದಮ್ಮನನ್ನು ಕರೆದುಕೊಂಡು ಹೋಗಿ ನಟ್ಟನಡುವೆ ನಿಲ್ಲಿಸಿದೆ.

“ಮತ್ತೆ ಬಂದ್ರಾ? ಅದು ಮುಗಿದ ವಿಷಯ ಪಂಕಜಾಕ್ಷಮ್ಮ” ಎಂದರು ಅಧ್ಯಕ್ಷರು.

ನಾನು ಕಟ್ಟೆಯ ಹತ್ತಿರ ಹೋಗಿ ಪೊಟ್ಟಣ ಎತ್ತಿಕೊಂಡೆ. ಎಲ್ಲರಿಗೂ ಕಾಣುವಂತೆ ಹಿಡಿದು ನಡುವೆ ಹರಿದೆ. ಪುಡಿ ಸುರಿಯಿತು. ಹಳದಮ್ಮನ ಕೈಯಿಂದ ಕಪ್ಪು ಜಾರಿ ನೆಲಕ್ಕೆ ಬಿದ್ದು ಒಡೆಯಿತು.

ಆಮೇಲೆ ಮುಖ ಇಳಿಯಿತು. ಕೆನ್ನೆ ಜೋತಿತು, ತುಟಿ ಮುಚ್ಚಿತು, ಹುಬ್ಬುಗಳ ನಡುವೆ ಆಳವಾದ ಗೆರೆಗಳು ಬಂದವು. ಪೊಟ್ಟಣದ ಮೇಲೆ ಇದ್ದಷ್ಟು ಚೆಲುವೆಯೇನಲ್ಲ ಅವಳು, ವಯಸ್ಸೂ ಹೆಚ್ಚು. ನಮ್ಮನೆಯಲ್ಲಿ ಇಷ್ಟು ದಿನ ಇದ್ದವಳು ಯಾರೆಂದು ನಾನು ನೋಡಿದ್ದು ಆಗಲೇ. ಅವಳು ಬಾಯಿ ತೆರೆದು ಕೂಗಿದಳು. ಆ ಕೂಗನ್ನು ನಾನು ಬರೆಯಲಾರೆ. ಹೆರಿಗೆಯ ಮನೆಯಲ್ಲಿ ಕೇಳಿದ್ದೇನೆ ಅಂಥದ್ದನ್ನು, ಸುಡುಗಾಡಿನಲ್ಲಿ ಕೇಳಿದ್ದೇನೆ. ಅಧ್ಯಕ್ಷರು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ಯಾರ ಮುಖದಲ್ಲೂ ನಗು ಇರಲಿಲ್ಲ.

“ನಾಟಕ ಇದು! ಹೇಳಿಕೊಟ್ಟು ಕರ್ಕೊಂಡ್ ಬಂದಿದಾರೆ” ಎಂದು ಮುದ್ದುವೀರಪ್ಪ ಎದ್ದುನಿಂತ.

ಹಳದಮ್ಮ ಉಸಿರು ಎಳೆದುಕೊಂಡು ಅವನ ಕಡೆ ತಿರುಗಿದಳು. “ನಿನ್ನ ಮುಲಾಮು ನಿನ್ನ ಜೇಬಲ್ಲೇ ಇರತ್ತಲ್ಲಪ್ಪ. ಬಾ, ಹಚ್ಚು. ನಿಮಿಷ ಸಾಕು ಅಂತ ಬರ್ಸಿದೀಯ. ಎಲ್ರ ಎದುರಿಗೆ ಹಚ್ಚು.”

ಅವನು ಅಲುಗಾಡಲಿಲ್ಲ. ತುಂಗಮ್ಮನೇ ಹೋಗಿ ಅವನ ಜೇಬಿಗೆ ಕೈಹಾಕಿ ಡಬ್ಬಿ ತೆಗೆದಳು. ನನ್ನ ಅತ್ತಿಗೆ ಪರಗಂಡಸರ ಎದುರಿಗೆ ಸೆರಗು ಹೊದ್ದು ಕೂರುವವಳು, ನಾನು ದಂಗಾಗಿ ನಿಂತೆ. ಹಳದಮ್ಮನ ಸೊಂಟಕ್ಕೆ ಹಚ್ಚಿದಳು. ಎಲ್ಲರೂ ಕಾದರು. ನಿಮಿಷ ಆಯಿತು, ಇನ್ನೂ ಎಷ್ಟೋ ನಿಮಿಷ ಆಯಿತು. ಅವಳು ನರಳಿ ನರಳಿ, ಕೊನೆಗೆ ಒಡೆದ ಕಪ್ಪಿನ ಚೂರುಗಳ ಪಕ್ಕದಲ್ಲಿ ಮಂಡಿಯೂರಿದಳು. ಔಷಧದ ಅಂಗಡಿಯವನು ಮೊದಲು ಎದ್ದು ಹೊರಗೆ ಹೋದ. ಅವನ ಹಿಂದೆ ಇನ್ನಿಬ್ಬರು ಅಂಗಡಿಯವರು ಹೋದರು. ಸಂಘದವರು ಆಗಲಾದರೂ ಏನಾದರೂ ಹೇಳಬೇಕಿತ್ತಲ್ಲ? ತಪ್ಪಾಯಿತು ಎನ್ನುವುದು ಬೇಡ, ಚಿತ್ರದವರ ಮೇಲೆ ನೋವು ಬರೆಯಬಾರದು ಎಂದಾದರೂ ಒಂದು ಮಾತು? ಸಭೆಯನ್ನು ಮುಂದೂಡಲಾಗಿದೆ ಎಂದರು. ಅಷ್ಟೇ.

ನಿಯಮದ ಪ್ರಕಾರ ಹಳದಮ್ಮ ಅಲ್ಲಿಂದಲೇ ಮುದ್ದುವೀರಪ್ಪನ ಪಾಲಾದಳು. ಅವನು ಹಿತ್ತಿಲಿನ ಕೋಣೆ ತೋರಿಸಿದ. ಅವಳು ಅಲ್ಲಿಗೆ ಹೋಗದೆ ಅಂಗಡಿಯ ಮುಂದಿನ ಜಗಲಿಯಲ್ಲೇ ನಿಂತಳು, ಕಂಬಕ್ಕೆ ಆತುಕೊಂಡು. ಅವಳ ಬಲಗೈ ಈಗ ಸ್ವಂತದ್ದಾಗಿತ್ತು, ಕಣ್ಣೀರು ಒರೆಸಿಕೊಳ್ಳಲು ಬರುತ್ತಿತ್ತು. ಗಿರಾಕಿ ಬಂದಾಗಲೆಲ್ಲ ಗಟ್ಟಿಯಾಗಿ ಅಳುತ್ತಿದ್ದಳು. ಹೊತ್ತುಹೊತ್ತಿಗೆ ಅನ್ನ ಒಯ್ಯುವ ನೆಪದಲ್ಲಿ ನಾನೂ ಹೋಗಿ ನಿಲ್ಲುತ್ತಿದ್ದೆ. “ಸ್ವಲ್ಪ ಮೆತ್ತಗಮ್ಮ, ಒಳಗಾದ್ರೂ ಹೋಗಿ ಅಳಮ್ಮ” ಎಂದು ಮುದ್ದುವೀರಪ್ಪ ಬೇಡಿಕೊಳ್ಳುವುದನ್ನು ಕಿವಿಯಾರೆ ಕೇಳಿದ್ದೇನೆ. ಡಬ್ಬಿ ಕೊಳ್ಳಲು ಬಂದವರು ಡಬ್ಬಿಯನ್ನೂ ಅವಳನ್ನೂ ನೋಡಿ, ಡಬ್ಬಿಯನ್ನು ಅಲ್ಲೇ ಇಟ್ಟು ಹೋಗುತ್ತಿದ್ದರು. ಒಂದೊಂದೇ ಅಂಗಡಿಯಿಂದ ನಿಮಿಷ ಮುಲಾಮು ವಾಪಸ್ಸು ಬಂತು. ಕೊನೆಗೆ ಅವನೇ ಬೇಸತ್ತು ಉಳಿದ ಡಬ್ಬಿಗಳನ್ನೆಲ್ಲ ಗೋದಾಮಿಗೆ ಸೇರಿಸಿದ. ಹಳದಮ್ಮನ ಎಡಗೈ ಸೊಂಟ ಬಿಟ್ಟು ಕೆಳಗಿಳಿಯಿತು. ಅವಳು ಆ ಜಗಲಿಯ ಮೇಲೆಯೇ ಕಾಲು ಚಾಚಿ ಮಲಗಿ, ಮರುದಿನದವರೆಗೆ ನಿದ್ದೆ ಮಾಡಿದಳು.

ಅವಳನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ನಾನೂ ತುಂಗಮ್ಮನೂ ಹೋದೆವು. ಅವಳು ಎರಡು ಕೈಯನ್ನೂ ಬೀಸಿಕೊಂಡು ನಡೆದಳು. ಬಿಗಿದ ಮುಖ, ಚೂಪಾದ ನೋಟ, ಸುಲಭಕ್ಕೆ ಯಾರಿಗೂ ಸೊಪ್ಪು ಹಾಕದ ಹೆಂಗಸು.

“ಅಕ್ಕ, ಒಂದು ಮಾತು” ಎಂದಳು. “ನಿನ್ನ ಕಷಾಯಕ್ಕೆ ಮೆಣಸು ಜಾಸ್ತಿ. ಗಂಟಲು ಉರಿಯತ್ತೆ. ಇಷ್ಟು ದಿನ 'ಹೇಗಿದೆ' ಅಂತ ನೀನು ಕೇಳ್ತಿದ್ದೆ, ನನ್ನ ಮುಖ ನೋಡಿ ನೀನೇ ಚೆನ್ನಾಗಿದೆ ಅನ್ಕೊಂಡು ಹೋಗ್ತಿದ್ದೆ.”

“ಬಾಯಿ ಬಿಟ್ಟು ಹೇಳೋದಲ್ವೇನೇ?”

“ಹೇಳಿದ್ದೆ. ನೀನು ನಕ್ಕೆ.”

ತುಂಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ನಮ್ಮ ಪಕ್ಕದಲ್ಲೇ ಒಂದು ಕಾರು ನಿಂತು, ಮುದ್ದುವೀರಪ್ಪ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಇಳಿದ. ಕೈಯಲ್ಲೊಂದು ಹೂವಿನ ಹಾರ ಇತ್ತು.

ಬಸ್ಸಿನಿಂದ ಒಬ್ಬ ಮುದುಕ ಇಳಿದ. ಬೆಳ್ಳಿಯಂಥ ಕೂದಲು, ನೀಲಿ ಅಂಗಿ. ಬಗ್ಗಿ ಎರಡು ಕೈಯಲ್ಲೂ ಬಲ ಮೊಣಕಾಲು ಹಿಡಿದುಕೊಂಡಿದ್ದ. ಹಾಗೇ ಬಗ್ಗಿಕೊಂಡೇ ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಪ್ಪಳಿಸಿದ. ಪ್ಯಾಂಟಿನ ಬಟ್ಟೆಯೊಳಗಿಂದ ಮೊಣಕಾಲಿನ ಹತ್ತಿರ ಕೆಂಪು ಬೆಳಕು ಹೊರಗೆ ಬರುತ್ತಿತ್ತು. ಅವನು ನಗುತ್ತಿದ್ದ. ಕಣ್ಣು ಕಿರಿದಾಗಿ, ಕೆನ್ನೆ ಉಬ್ಬಿ, ಮೊಮ್ಮಗನ ತುಂಟಾಟ ಕಂಡ ಅಜ್ಜನ ಹಾಗೆ ನಗುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿದ್ದವರ ತುಟಿಗಳೆಲ್ಲ ಅಗಲವಾದವು. “ಎಂಥ ಖುಷಿಯ ಜೀವ ನೋಡಿ” ಎಂದರು ಯಾರೋ.

ಮುದ್ದುವೀರಪ್ಪ ಹಾರ ಹಾಕಿ ನನ್ನ ಕಡೆ ತಿರುಗಿದ. “ಈ ಸಲ ನನಗೊಬ್ಬನಿಗೇ ಅಂತ ಬರೆಸ್ಕೊಂಡು ಪೂರ್ತಿ ಚಿತ್ರಾನೇ ಕೊಂಡಿದೀನಿ ಪಂಕಜಾಕ್ಷಮ್ಮ. ಮೊಣಕಾಲೂ ನಂದೇ, ಮುಖಾನೂ ನಂದೇ. ಯಾರೂ ಬಂದು ಹರಿಯೋ ಹಾಗಿಲ್ಲ.”

ಬಸ್ಸು ಹೊರಟಿತು. ಹಳದಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದ್ದಳು. “ಅವರು ನಗ್ತಾ ಇಲ್ಲ!” ಎಂದು ಕೂಗಿದಳು. “ಅವರಿಗೆ ನೋಯ್ತಾ ಇದೆ, ನೋಡ್ರೋ! ನಗ್ತಾ ಇಲ್ಲ ಅವರು!” ಬಸ್ಸು ತಿರುವು ದಾಟಿದ ಮೇಲೂ ಕೂಗು ಕೇಳುತ್ತಿತ್ತು. ಜನ ಮಾತ್ರ ಮುದುಕನನ್ನೇ ನೋಡಿಕೊಂಡು ನಗುತ್ತಿದ್ದರು.

ನಾನು ಮುದುಕನ ಹತ್ತಿರ ಹೋದೆ. ಅವನಿಗಿನ್ನೂ ನಮ್ಮ ಮಾತು ಬರುತ್ತಿರಲಿಲ್ಲ. ಆದರೂ ಬಗ್ಗಿ ಅವನ ಕಣ್ಣಿನ ಮಟ್ಟಕ್ಕೆ ಬಂದು ಕೇಳಿದೆ. “ಬಹಳ ನೋಯ್ತಿದೆಯಾ ಅಪ್ಪಾಜಿ?” ನಗುವ ಆ ಮುಖದ ಮೇಲಿಂದ ಕಣ್ಣೀರು ಪಟಪಟನೆ ಹಾರದ ಹೂವಿನ ಮೇಲೆ ಬಿತ್ತು.

ಅವನ ಒಂದು ರಟ್ಟೆಯನ್ನು ನಾನು ಹಿಡಿದೆ, ಇನ್ನೊಂದನ್ನು ತುಂಗಮ್ಮ ಹಿಡಿದಳು.

“ಏ, ಎಲ್ಲಿಗೆ? ಅವರು ನನ್ನ ಮನೆಗೆ ಬರ್ಬೇಕು!” ಎಂದ ಮುದ್ದುವೀರಪ್ಪ.

“ಊಟದ ಹೊತ್ತಿಗೆ ಕಳಿಸ್ತೀವಿ” ಎಂದಳು ತುಂಗಮ್ಮ.

ಮೂವರೂ ಮೆಲ್ಲಗೆ ಹೆಜ್ಜೆ ಹಾಕಿಕೊಂಡು ಸಂಘದ ಕಡೆಗೆ ಹೊರಟೆವು.